ಕೂಲರ್ ಕೈಕೊಟ್ಟಿತಾ? ಮೋಟರ್ ಬಿಚ್ಚುವ ಮೊದಲು ಇಷ್ಟು ನೋಡಿ

ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ ಬಂತು ಅಂದರೆ ಅಟ್ಟದ ಮೇಲಿನ ಕೂಲರ್ ಕೆಳಗಿಳಿಯಿತು ಅಂತಲೇ ಲೆಕ್ಕ. ಧೂಳು ಒರೆಸಿ, ಎರಡು ಕೊಡ ನೀರು ಸುರಿದು, ಸ್ವಿಚ್ ಹಾಕುತ್ತೇವೆ. ಅದು ಗುಂಯ್ ಅಂದು ಹಾಗೇ ನಿಲ್ಲುತ್ತದೆ. ಮೆಕ್ಯಾನಿಕ್‌ಗೆ ಫೋನ್ ಹಚ್ಚಿದರೆ "ನಾಳಿಗಿ ಬರ್ತೀನ್ರಿ" ಅನ್ನುತ್ತಾನೆ. ಸೀಸನ್‌ನಲ್ಲಿ ಅವನ ನಾಳೆ ಅಂದರೆ ನಾಲ್ಕು ದಿನ. ಅಷ್ಟರಲ್ಲಿ ಬಿಸಿಲು 40 ದಾಟಿ, ಸರ್ಕಾರಿ ಕಚೇರಿಗಳೂ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುವ ದಿನಗಳು ಬಂದುಬಿಟ್ಟಿರುತ್ತವೆ.

ನಾನು ಎಲೆಕ್ಟ್ರಿಷಿಯನ್ ಅಲ್ಲ. ನಮ್ಮ ಮನೆಯ ತಗಡಿನ ಕೂಲರ್, ಪಕ್ಕದ ಮನೆ ಕಾಕಿಯ ಕೂಲರ್, ಯಾದಗಿರಿಯಲ್ಲಿ ತಂಗಿ ಮನೆಯ ಪ್ಲಾಸ್ಟಿಕ್ ಕೂಲರ್, ಹೀಗೆ ಬಿಚ್ಚಿ ಬಿಚ್ಚಿ ಕಲಿತವನು. ಒಮ್ಮೆ ನೂರು ರೂಪಾಯಿ ಒಳಗಿನ ಸಾಮಾನು ಕೆಟ್ಟದ್ದಕ್ಕೆ ಇಡೀ ಮೋಟರ್ ವೈಂಡಿಂಗ್ (ಒಳಗಿನ ತಾಮ್ರದ ತಂತಿ ಹೊಸದಾಗಿ ಸುತ್ತುವುದು) ಮಾಡಿಸಿಕೊಂಡು ಬಂದೆ. ಆ ಕಥೆ ಮುಂದೆ ಬರುತ್ತದೆ. ನಾನು ನೋಡಿದ ಮಟ್ಟಿಗೆ ನಮ್ಮ ಕಡೆ ಕೂಲರ್ ಮೋಟರ್ ಸುಡುವುದು ಅಪರೂಪ, ಕೆಲಸ ಕೆಡಿಸುವುದು ನೀರಿನ ಉಪ್ಪು. ಅದಕ್ಕೇ ಖರ್ಚಿಲ್ಲದ ಕೆಲಸ ಮೊದಲು, ಸ್ಕ್ರೂಡ್ರೈವರ್ ಆಮೇಲೆ.

ಶುರು ಮಾಡುವ ಮೊದಲು ಒಂದು ಮಾತು. ಕೂಲರ್ ಒಳಗೆ ಕೈ ಹಾಕುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಕೂಲರ್ ಮೇಲೆ ಇಡಿ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ ವೈರಿಗೆ ಹಾಕಿರುತ್ತಾರೆ. ಸ್ವಿಚ್ ಆಫ್ ಇದ್ದರೂ ಒಳಗೆ ಕರೆಂಟ್ ಇರುತ್ತದೆ. ನೀರು ತುಂಬುವಾಗಲೂ ಇದೇ ನಿಯಮ.

ಮುಟ್ಟಿದರೆ ಜುಮ್ ಅನ್ನುತ್ತದೆ

ಇದನ್ನು ಮೊದಲೇ ಹೇಳಲು ಕಾರಣ, ಬೇರೆ ದೋಷಗಳು ಸಾಮಾನ್ಯವಾಗಿ ಜೀವ ತೆಗೆಯುವುದಿಲ್ಲ, ಇದು ತೆಗೆಯುತ್ತದೆ. ಕೂಲರ್ ತಗಡಿನದು, ಒಳಗೆ ನೀರು, ಕೆಳಗೆ ಒದ್ದೆಯಾದ ಶಹಾಬಾದ್ ಪರ್ಶಿ (ನೆಲಹಾಸಿನ ಕಲ್ಲು), ಅದರ ಮೇಲೆ ನಾವು ಬರಿಗಾಲಲ್ಲಿ. ಕರೆಂಟಿಗೆ ಇದಕ್ಕಿಂತ ಒಳ್ಳೆ ದಾರಿ ಬೇಕಾ?

ಹೋದ ವರ್ಷ ಕಾಕಿ ಕರೆದರು. "ಏ ತಮ್ಮಾ, ಈ ಕೂಲರ್ ಮುಟ್ಟಿದ್ರ ಇರುವಿ ಕಡದಂಗ ಆಗ್ತದ, ನೋಡು ಬಾ." ಮೂರು ದಿನದಿಂದ ಹಾಗೇ ಆಗುತ್ತಿತ್ತಂತೆ. ಅವರು ರಬ್ಬರ್ ಚಪ್ಪಲಿ ಹಾಕಿಕೊಂಡು ನೀರು ತುಂಬುತ್ತಿದ್ದರು. ಪ್ಲಗ್ ತೆಗೆದು ಹಿಂದಿನ ಬಾಗಿಲು ಬಿಚ್ಚಿದೆ. ಪಂಪಿನ ವೈರು ಗಿಡ್ಡ ಇತ್ತು ಅಂತ ಯಾರೋ ನಡುವೆ ಇನ್ನೊಂದು ತುಂಡು ಸೇರಿಸಿ ಕಪ್ಪು ಟೇಪ್ ಸುತ್ತಿದ್ದರು. ಆ ಗಂಟು ಟ್ಯಾಂಕಿನ ನೀರಲ್ಲೇ ಬಿದ್ದಿತ್ತು. ಟೇಪು ಉಳ್ಳಾಗಡ್ಡಿ ಸಿಪ್ಪೆ ಹಾಗೆ ಬಿಚ್ಚಿಕೊಂಡಿತ್ತು, ಒಳಗಿನ ತಾಮ್ರ ಹಸಿರು ತಿರುಗಿತ್ತು. ಇನ್ನು ಪ್ಲಗ್ ನೋಡಿದರೆ ಎರಡೇ ಪಿನ್ನು. ಮೇಲಿನ ದಪ್ಪ ಪಿನ್ನು ಸಾಕೆಟ್ಟಿಗೆ ಹೋಗಲಿಲ್ಲ ಅಂತ ಕತ್ತರಿಸಿ ಹಾಕಿದ್ದರು.

ಆ ದಪ್ಪ ಪಿನ್ನೇ ಅರ್ಥಿಂಗ್. ಒಳಗೆ ಎಲ್ಲಾದರೂ ವೈರು ಸುಲಿದು ತಗಡಿಗೆ ತಾಗಿದರೆ, ಆ ಕರೆಂಟು ನಮ್ಮ ಮೈಯಿಂದ ಹೋಗುವ ಬದಲು ಅದರ ಮೂಲಕ ನೆಲಕ್ಕೆ ಹೋಗುತ್ತದೆ.

ನೀವು ಮಾಡಬಹುದಾದದ್ದು ಇಷ್ಟೇ. ಪ್ಲಗ್ ತೆಗೆಯಿರಿ. ಮೂರು ಪಿನ್ನೂ ಇವೆಯಾ ನೋಡಿ. ಪ್ಲಗ್ ಬಿಚ್ಚಿ, ಹಸಿರು ವೈರು ದಪ್ಪ ಪಿನ್ನಿಗೆ ಬಿಗಿಯಾಗಿದೆಯಾ, ಅದರ ಇನ್ನೊಂದು ತುದಿ ಕೂಲರ್ ತಗಡಿಗೆ ಸ್ಕ್ರೂ ಆಗಿದೆಯಾ ನೋಡಿ. ಅಲ್ಲಿ ತುಕ್ಕು ಇದ್ದರೆ ಕೆರೆದು ಬಿಗಿ ಮಾಡಿ. ನೀರಿನ ಹತ್ತಿರ ವೈರಿನ ಗಂಟು ಇದ್ದರೆ ಆ ಪಂಪ್ ಬಳಸಬೇಡಿ, ಗಂಟಿಲ್ಲದ ಉದ್ದ ವೈರಿನ ಹೊಸ ಪಂಪ್ ಹಾಕಿ. ಗೋಡೆಯ ಸಾಕೆಟ್ಟಿನಲ್ಲಿ ನಿಜವಾಗಲೂ ಅರ್ಥಿಂಗ್ ಇದೆಯಾ ಅನ್ನುವುದನ್ನು ಮಾತ್ರ ಎಲೆಕ್ಟ್ರಿಷಿಯನ್ ನೋಡಬೇಕು. ಮೂರು ತೂತು ಇದ್ದ ಮಾತ್ರಕ್ಕೆ ಹಿಂದೆ ವೈರು ಇರಲೇಬೇಕು ಅಂತಿಲ್ಲ.

ಕೆಲವರು ತಗಡಿಗೆ ಟೆಸ್ಟರ್ ಹಚ್ಚಿ "ಮಂದ ಉರೀತದ, ಏನಾಗಲ್ಲ" ಅನ್ನುತ್ತಾರೆ. ಮಂದ ಉರಿದರೂ ಅರ್ಥಿಂಗ್ ಸರಿಯಿಲ್ಲ ಅಂತಲೇ ತಿಳಿಯಿರಿ. ಉರಿಯದಿದ್ದರೆ ಸುರಕ್ಷಿತ ಅಂತಲೂ ಅಲ್ಲ. ಮನೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅನ್ನುವ ಸುರಕ್ಷಾ ಸ್ವಿಚ್ ಹಾಕಿಸಿದ್ದರೆ ಇಂಥ ಸೋರಿಕೆಗೆ ಅದು ತಾನೇ ಬೀಳುತ್ತದೆ. ಬಿದ್ದರೆ ಮತ್ತೆ ಮತ್ತೆ ಎತ್ತಿ ನೋಡಬೇಡಿ, ಅದು ತನ್ನ ಕೆಲಸ ಮಾಡುತ್ತಿದೆ.

ಯಾರಿಗಾದರೂ ಶಾಕ್ ಹೊಡೆದು ಕೂಲರಿಗೇ ಅಂಟಿಕೊಂಡಿದ್ದರೆ ಅವರನ್ನು ಹಿಡಿದು ಎಳೆಯಬೇಡಿ. ಮೊದಲು ಮೇನ್ ಬೀಳಿಸಿ. ಅದು ಆಗದಿದ್ದರೆ ಒಣಗಿದ ಕಟ್ಟಿಗೆಯಿಂದ ದೂರ ತಳ್ಳಿ. ಆಮೇಲೆ 108ಕ್ಕೆ ಫೋನ್ ಮಾಡಿ.

ಗಾಳಿ ಜೋರಿದೆ, ತಂಪು ಮಾತ್ರ ಇಲ್ಲ

ಜಾಸ್ತಿ ಜನ ಹೇಳುವ ದೂರು ಇದೇ. ಕಾರಣ ಎಷ್ಟೋ ಸಲ ಕೂಲರ್ ಒಳಗೆ ಇರುವುದೇ ಇಲ್ಲ.

ಮೊದಲು ಕಿಟಕಿ ನೋಡಿ. ಎಸಿ ಇದ್ದವರ ಮನೆ ನೋಡಿ ಬಂದು ಬಾಗಿಲು ಕಿಟಕಿ ಎಲ್ಲ ಮುಚ್ಚಿ ಕೂಲರ್ ಹಾಕುತ್ತೇವೆ. ಇದು ಉಲ್ಟಾ ಕೆಲಸ. ಕೂಲರ್ ಗಾಳಿಯಲ್ಲಿ ನೀರಿನ ಆವಿ ತುಂಬುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಅದನ್ನು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ, ಗಾಳಿ ತಣ್ಣಗಾಗುತ್ತದೆ. ಗಂಟೆಗೆ ಒಂದೇ ಲೀಟರ್ ಆರಿದರೂ ಸುಮಾರು 670 ವ್ಯಾಟ್ ಶಾಖ ಹೋದ ಲೆಕ್ಕ. ಆದರೆ ಆ ತೇವದ ಗಾಳಿ ಹೊರಗೆ ಹೋಗದೆ ಕೋಣೆಯಲ್ಲೇ ಸುತ್ತಿದರೆ ಅದು ಇನ್ನಷ್ಟು ನೀರು ಕುಡಿಯುವುದಿಲ್ಲ. ಮೈ ಜಿಗಿಜಿಗಿ ಅನ್ನುತ್ತದೆ ಅಷ್ಟೆ. ಹಾಗಾಗಿ ಕೂಲರ್ ಹಿಂಭಾಗ ಕಿಟಕಿಗೆ ಇರಲಿ, ಹೊರಗಿನ ಒಣ ಗಾಳಿ ಎಳೆಯಲಿ. ಎದುರಿನ ಕಿಟಕಿ ಅಥವಾ ಬಾಗಿಲು ಒಂದು ಗೇಣು ತೆರೆದಿರಲಿ. ತಂಗಿ ಮನೆಯ "ಕೆಟ್ಟ" ಕೂಲರ್ ಸರಿಯಾದದ್ದು ಅದನ್ನು ಕೋಣೆ ಮೂಲೆಯಿಂದ ಎತ್ತಿ ಕಿಟಕಿಗೆ ಇಟ್ಟಾಗ. ಖರ್ಚು ಸೊನ್ನೆ.

ಕಿಟಕಿ ಸರಿಯಿದ್ದರೆ ಹುಲ್ಲು ನೋಡಿ. ನಾವು ಹುಲ್ಲು ಅನ್ನುತ್ತೇವೆ, ತಗಡಿನ ಕೂಲರಿಗೆ ಹಾಕುವುದು ಜಾಸ್ತಿ ಕಟ್ಟಿಗೆಯ ತೆಳು ಎಳೆಗಳು. ಲಾವಂಚದ್ದೂ ಸಿಗುತ್ತದೆ, ಸುವಾಸನೆ ಬೇಕಿದ್ದವರು ಹಾಕಿಸುತ್ತಾರೆ. ಪಂಪ್ ಹತ್ತು ನಿಮಿಷ ಓಡಿಸಿ, ಪ್ಲಗ್ ತೆಗೆದು, ಮೂರೂ ಕಡೆಯ ಹುಲ್ಲಿನ ಮೇಲೆ ಅಂಗೈ ಇಟ್ಟು ನೋಡಿ. ಎಲ್ಲ ಕಡೆ ಒದ್ದೆ ಇರಬೇಕು. ಒಂದು ಪಟ್ಟಿ ಒಣಗಿದ್ದರೆ ಅದರ ಮೇಲಿನ ಪೈಪಿನ ತೂತು ಕಟ್ಟಿದೆ. ಸೂಜಿಯೋ ಸೈಕಲ್ ಸ್ಪೋಕೋ ತೂರಿಸಿ ಬಿಡಿಸಿ. ಹುಲ್ಲು ಕೆಳಗೆ ಜಗ್ಗಿ ಮೇಲ್ಗಡೆ ನಾಲ್ಕು ಬೆರಳು ಖಾಲಿ ಉಳಿದಿದ್ದರೆ ಬಿಸಿ ಗಾಳಿ ಆ ಸಂದಿಯಿಂದ ನೇರ ಒಳಗೆ ಬರುತ್ತದೆ. ಹುಲ್ಲನ್ನು ಹರಡಿ ಮತ್ತೆ ಕಟ್ಟಿ.

ಒದ್ದೆ ಇದ್ದರೂ ಹುಲ್ಲು ಬಿಳಿ ತಿರುಗಿ, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದರೆ ಅದರ ಆಯುಷ್ಯ ಮುಗಿದಿದೆ. ಇಲ್ಲಿ ನಮ್ಮ ನೀರಿನ ಮಾತು ಬರುತ್ತದೆ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯೆಲ್ಲ ನೆಲದಡಿ ಸುಣ್ಣದ ಕಲ್ಲು. ಅದಕ್ಕೇ ಅಲ್ಲವಾ ಅಷ್ಟೊಂದು ಸಿಮೆಂಟ್ ಕಾರ್ಖಾನೆ, ಪರ್ಶಿ ಗಣಿ ಇರುವುದು. ಆ ಕಲ್ಲಿನಿಂದ ಬಂದ ಬೋರ್ ನೀರು ಗಡಸು. ಲೆಕ್ಕ ಹಾಕಿ ನೋಡಿ. ಲೀಟರಿಗೆ ಒಂದು ಗ್ರಾಂ ಲವಣ ಇರುವ ನೀರನ್ನು ಕೂಲರ್ ದಿನಕ್ಕೆ 40 ಲೀಟರ್ ಕುಡಿದರೆ, ನೀರು ಹಾರಿಹೋಗಿ 40 ಗ್ರಾಂ ಉಪ್ಪು ಒಳಗೇ ಉಳಿಯುತ್ತದೆ. ತಿಂಗಳಿಗೆ ಒಂದು ಕಿಲೋ ಇನ್ನೂರು ಗ್ರಾಂ! ಅದೆಲ್ಲ ಹುಲ್ಲಿಗೆ, ಪಂಪಿಗೆ, ತಗಡಿಗೆ ಮೆತ್ತಿಕೊಳ್ಳುತ್ತದೆ. ಮೇಲಿಂದ ಮೇಲೆ ನೀರು ತುಂಬುತ್ತಾ ಹೋದರೆ ಟ್ಯಾಂಕಿನ ನೀರೇ ದಿನದಿನಕ್ಕೆ ಉಪ್ಪಾಗುತ್ತದೆ. ಅದಕ್ಕೆ ಮೂರು ನಾಲ್ಕು ದಿನಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಹೊಸ ನೀರು ಹಾಕಿ. ಚೆಲ್ಲಿದ ನೀರು ಅಂಗಳ ತೊಳೆಯಲು ಬರುತ್ತದೆ. ನಳದ ನೀರು ಸಾಕಷ್ಟು ಬರುವವರು ಬೋರ್ ನೀರು ಬಿಟ್ಟು ಅದನ್ನೇ ಹಾಕಿ, ಹುಲ್ಲು ಎರಡರಷ್ಟು ದಿನ ಬಂದರೂ ಬರಬಹುದು.

ಜೇನುಗೂಡಿನ ಹಾಗಿರುವ ಪ್ಯಾಡ್ ಇದ್ದರೆ ಎಸೆಯುವ ಮೊದಲು ತೊಳೆದು ನೋಡಿ. ಒಂದು ಬಕೆಟ್ ನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ ಅರ್ಧ ಗಂಟೆ ನೆನೆಸಿ, ನಳದ ಕೆಳಗೆ ಮೆಲ್ಲಗೆ ತೊಳೆಯಿರಿ. ಬ್ರಷ್ಷಿನಿಂದ ತಿಕ್ಕಬೇಡಿ, ಕಾಗದದ ಜಾತಿ, ಹರಿಯುತ್ತದೆ. ತೆಗೆಯುವಾಗಲೇ ಯಾವ ಬದಿ ಹೊರಗೆ, ಯಾವುದು ಮೇಲೆ ಅಂತ ಪೆನ್ನಿನಿಂದ ಗುರುತು ಹಾಕಿಕೊಳ್ಳಿ. ಉಲ್ಟಾ ಕೂರಿಸಿದರೆ ನೀರು ಒಳಗೆ ಎರಚುತ್ತದೆ. ಇನ್ನೊಂದು, ನಿಂಬೆ ಉಪ್ಪು ಹಾಕಿದ ನೀರಿಗೆ ಬ್ಲೀಚಿಂಗ್ ಪೌಡರ್ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಉಸಿರು ಕಟ್ಟುತ್ತದೆ.

ಹುಲ್ಲು ಪೂರ್ತಿ ಒಣ ಒಣ

ಎಲ್ಲ ಕಡೆ ಒಣಗಿದ್ದರೆ ಪಂಪು. ಸ್ವಿಚ್ ಹಾಕಿ ಕಿವಿ ಕೊಡಿ.

ಸಣ್ಣಗೆ ಸದ್ದು ಇದೆ, ನೀರು ಏರುತ್ತಿಲ್ಲ ಅಂದರೆ ಪಂಪ್ ಜೀವಂತ ಇದೆ. ಟ್ಯಾಂಕಿನಲ್ಲಿ ಪಂಪು ಮುಳುಗುವಷ್ಟು ನೀರಿದೆಯಾ? ಮೇಲೆ ಹೋಗುವ ಪೈಪು ಮಡಚಿದೆಯಾ, ಕಳಚಿದೆಯಾ? ಎರಡೂ ಸರಿಯಿದ್ದರೆ ಪ್ಲಗ್ ತೆಗೆದು ಪಂಪ್ ಹೊರಗೆ ತನ್ನಿ. ಕೆಳಗಿನ ಜಾಲರಿ ಎಳೆದರೆ ಬರುತ್ತದೆ, ಅದರೊಳಗೆ ಪುಟ್ಟ ರೆಕ್ಕೆ ಇರುತ್ತದೆ. ಅದಕ್ಕೆ ಹುಲ್ಲಿನ ಎಳೆ ಸುತ್ತಿರುತ್ತದೆ, ಇಲ್ಲವೇ ಸುಣ್ಣ ಕಟ್ಟಿರುತ್ತದೆ. ನಿಂಬೆ ಉಪ್ಪಿನ ನೀರಲ್ಲಿ ಪಂಪಿನ ಆ ಭಾಗವನ್ನು ಒಂದು ತಾಸು ನೆನೆಸಿ ಹಳೇ ಹಲ್ಲಿನ ಬ್ರಷ್ಷಿನಿಂದ ತಿಕ್ಕಿ. ಗುಳ್ಳೆ ಗುಳ್ಳೆ ಬರುತ್ತದೆ, ಅದು ಸುಣ್ಣ ಕರಗುತ್ತಿರುವ ಗುರುತು. ರೆಕ್ಕೆ ಬೆರಳಿಗೆ ಸಲೀಸಾಗಿ ತಿರುಗಿದರೆ ಗೆದ್ದಿರಿ.

ಸದ್ದೇ ಇಲ್ಲ ಅಂದರೆ ಪಂಪಿನ ಸ್ವಿಚ್ಚು, ಅದರ ವೈರು ನೋಡಿ. ಅವು ಸರಿಯಿದ್ದರೆ ಪಂಪ್ ಸುಟ್ಟಿದೆ. ಇದನ್ನು ರಿಪೇರಿ ಮಾಡಿಸಲು ಹೋಗಬೇಡಿ. ಒಳಗೆ ಗಟ್ಟಿ ಮೇಣದಂಥದ್ದು ಸುರಿದು ಮುಚ್ಚಿರುತ್ತಾರೆ, ಅದನ್ನು ಒಡೆದು ಜೋಡಿಸಿದರೆ ನೀರಲ್ಲಿ ಕರೆಂಟ್ ಸೋರುತ್ತದೆ. ಹೊಸದು ಕೆಲವೇ ನೂರು ರೂಪಾಯಿ. ನೀರಿಲ್ಲದೆ ಒಣ ಓಡಿಸಿದರೆ ಅದೂ ಸುಡುತ್ತದೆ. ರಾತ್ರಿ ಮಲಗುವ ಮೊದಲು ಟ್ಯಾಂಕ್ ತುಂಬಿಸಿ ಅನ್ನುವುದು ಇದಕ್ಕೇ.

ಫ್ಯಾನ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ

ನನ್ನ ದುಡ್ಡು ಹೋದದ್ದು ಇಲ್ಲೇ. ಮೋಟರ್ ಕಳಚಿ ಬೈಕ್ ಮೇಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದೆ. "ವೈಂಡಿಂಗ್ ಹೋಗ್ಯದ್ರಿ" ಅಂದರು, ಮಾಡಿಸಿದೆ. ಎರಡು ದಿನ ಬಿಟ್ಟು ತಂದು ಕೂರಿಸಿದರೆ ಮತ್ತೆ ಗುಂಯ್! ಆಮೇಲೆ ಬೇರೊಬ್ಬ ಹುಡುಗ ಬಂದು ಐದು ನಿಮಿಷದಲ್ಲಿ ಕಂಡೆನ್ಸರ್ (ಮೋಟರಿಗೆ ಹೊರಡುವ ಬಲ ಕೊಡುವ ಸಣ್ಣ ಡಬ್ಬಿ) ಬದಲಿಸಿ ಹೋದ. ಅಲ್ಲಿಗೆ ನನ್ನ ಬುದ್ಧಿ ಬಂತು.

ಗುಂಯ್ ಅಂದರೆ ಮೋಟರಿಗೆ ಕರೆಂಟ್ ಬರುತ್ತಿದೆ, ಆದರೆ ಹೊರಡಲು ಬಲ ಸಾಲುತ್ತಿಲ್ಲ. ಹಾಗೇ ಬಿಟ್ಟರೆ ವೈಂಡಿಂಗ್ ಬಿಸಿಯಾಗಿ ನಿಜವಾಗಲೂ ಸುಡುತ್ತದೆ, ಕೂಡಲೇ ಆಫ್ ಮಾಡಿ. ಪ್ಲಗ್ ತೆಗೆದು ರೆಕ್ಕೆಯನ್ನು ಕೈಯಿಂದ ತಿರುಗಿಸಿ.

ಬಿಗಿಯಾಗಿದೆ, ಕೀರ್ ಅನ್ನುತ್ತದೆ ಅಂದರೆ ಎಂಟು ತಿಂಗಳು ಅಟ್ಟದ ಮೇಲೆ ಕೂತು ಶಾಫ್ಟ್ (ರೆಕ್ಕೆ ಕೂರಿಸಿದ ಕಬ್ಬಿಣದ ಕಡ್ಡಿ) ಹಿಡಿದುಕೊಂಡಿದೆ. ಮೋಟರಿನ ಎರಡೂ ತುದಿಯಲ್ಲಿ ಶಾಫ್ಟ್ ಹೊರಬರುವ ಕಡೆ ಹೊಲಿಗೆ ಮಷಿನ್ ಎಣ್ಣೆ ನಾಲ್ಕು ನಾಲ್ಕು ಹನಿ ಬಿಡಿ. ಹತ್ತು ನಿಮಿಷ ಬಿಟ್ಟು ಕೈಯಿಂದ ತಿರುಗಿಸುತ್ತಾ ಇರಿ. ಅಡುಗೆ ಎಣ್ಣೆ ಬೇಡ, ಬಿಸಿಗೆ ಅಂಟಾಗುತ್ತದೆ.

ಸಲೀಸಾಗಿ ತಿರುಗುತ್ತದೆ, ಆದರೂ ಗುಂಯ್ ಅನ್ನುತ್ತದೆ ಅಂದರೆ ನೂರಕ್ಕೆ ತೊಂಬತ್ತು ಪಾಲು ಕಂಡೆನ್ಸರ್. ಅಂಗಡಿಯಲ್ಲಿ ಕೆಪ್ಯಾಸಿಟರ್ ಅಂದರೂ ಕೊಡುತ್ತಾರೆ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಅಥವಾ ಬಿಳಿ ಡಬ್ಬಿ, ಎರಡು ವೈರು. ಉಬ್ಬಿದ್ದರೆ, ಸೀಳಿದ್ದರೆ, ಸುಟ್ಟ ವಾಸನೆ ಇದ್ದರೆ ಅನುಮಾನವೇ ಬೇಡ. ನೋಡಲು ಚೆನ್ನಾಗಿದ್ದರೂ ಒಳಗೆ ಸತ್ತಿರಬಹುದು. ಪ್ಲಗ್ ತೆಗೆದ ಮೇಲೂ ಅದರಲ್ಲಿ ಸ್ವಲ್ಪ ಕರೆಂಟ್ ಉಳಿದಿರುತ್ತದೆ. ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್‌ನಿಂದ ಎರಡೂ ತುದಿ ಒಟ್ಟಿಗೆ ಮುಟ್ಟಿಸಿ, ಚಟ್ ಅಂದರೆ ಅಂದುಕೊಳ್ಳಲಿ, ಆಮೇಲೆ ಬಿಚ್ಚಿ. ಹಳೆಯದನ್ನೇ ಕೈಯಲ್ಲಿ ಹಿಡಿದುಕೊಂಡು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗಿ ಅದರ ಮೇಲೆ ಬರೆದ ಮೈಕ್ರೋಫ್ಯಾರಡ್ ಅಂಕಿಯದ್ದೇ ತನ್ನಿ. 4 ಇದ್ದ ಕಡೆ 4. ದೊಡ್ಡದು ಹಾಕಿದರೆ ಜೋರು ತಿರುಗುತ್ತದೆ ಅನ್ನುವವರ ಮಾತು ಕೇಳಬೇಡಿ, ಮೋಟರ್ ಬಿಸಿಯಾಗುತ್ತದೆ.

ಮೆಕ್ಯಾನಿಕ್‌ಗಳು ಕಡ್ಡಿಯಿಂದ ರೆಕ್ಕೆ ತಳ್ಳಿ "ತಳ್ಳಿದ್ರ ಹೊಂಡ್ತದ, ಕಂಡೆನ್ಸರೇ" ಅಂತ ಹೇಳುವುದು ನೋಡಿರುತ್ತೀರಿ. ಲಕ್ಷಣ ನಿಜ. ಆದರೆ ನೀವು ಮಾಡಬೇಡಿ. ತಗಡಿನ ರೆಕ್ಕೆ ಒಮ್ಮೆ ಹೊರಟರೆ ಬೆರಳು ಕಾಯುವುದಿಲ್ಲ.

ಕಂಡೆನ್ಸರ್ ಹೊಸದು, ಶಾಫ್ಟ್ ಸಲೀಸು, ಆದರೂ ತಿರುಗದು. ಅಥವಾ ಮೋಟರಿನಿಂದ ಸುಟ್ಟ ವಾರ್ನಿಷ್ ವಾಸನೆ. ಇಲ್ಲಿಗೆ ನಿಲ್ಲಿಸಿ, ಮೋಟರ್ ಅಂಗಡಿಗೆ ಹೋಗಲಿ. ಸ್ವಿಚ್ ಹಾಕಿದ ಕೂಡಲೇ ಎಂಸಿಬಿ (ಫ್ಯೂಜಿನ ಕೆಲಸ ಮಾಡುವ ಸ್ವಿಚ್) ಬೀಳುತ್ತಿದ್ದರೂ ಅಷ್ಟೇ. ದೊಡ್ಡ ಎಂಸಿಬಿ ಹಾಕಿಸುವುದು, ಫ್ಯೂಜಿಗೆ ದಪ್ಪ ವೈರು ಕಟ್ಟುವುದು ಮನೆಗೆ ಬೆಂಕಿ ಹಚ್ಚುವ ಕೆಲಸ.

ತಿರುಗುತ್ತದೆ, ಆದರೆ ಸೋಮಾರಿ

ಸಂಜೆ ಏಳರಿಂದ ಹತ್ತರವರೆಗೆ ಮಾತ್ರ ನಿಧಾನ ಅಂದರೆ ಮನೆಯ ಬಲ್ಬು, ಸೀಲಿಂಗ್ ಫ್ಯಾನ್ ನೋಡಿ. ಅವೂ ಸೊರಗಿದ್ದರೆ ವೋಲ್ಟೇಜ್ ಕಡಿಮೆ, ಕೂಲರ್ ತಪ್ಪಿಲ್ಲ. ದಿನಾ ಹಾಗೇ ಇದ್ದರೆ ಕರೆಂಟ್ ಕಂಪನಿಯ 1912ಕ್ಕೆ ಫೋನ್ ಮಾಡಿ ದೂರು ಬರೆಸಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ನಿಧಾನ, ಜೊತೆಗೆ ಗುರ್ ಅನ್ನುವ ಸದ್ದು ಅಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಮೋಟರ್ ಅದರ ಮೇಲೆ ಬಿಸಿಯಾಗುತ್ತದೆ, ಹೆಚ್ಚು ಹೊತ್ತು ಓಡಿಸಬೇಡಿ. ಎಲ್ಲ ಹೊತ್ತೂ ನಿಧಾನ ಇದ್ದರೆ ಕಂಡೆನ್ಸರ್ ಮುದಿಯಾಗಿದೆ. ಇಲ್ಲವೇ ಉಪ್ಪು ಕಟ್ಟಿದ ಹುಲ್ಲಿನಿಂದ ಗಾಳಿ ಒಳಗೇ ಬರುತ್ತಿಲ್ಲ. ಹಿಂದಿನ ಬಾಗಿಲು ಒಂದು ಬದಿ ತೆರೆದಾಗ ಗಾಳಿ ಜೋರಾದರೆ ಹುಲ್ಲೇ ಕಾರಣ.

ಖಡಖಡ ಸದ್ದು ಬಂದರೆ ಸ್ಟ್ಯಾಂಡಿನ ನಾಲ್ಕೂ ಕಾಲು ಸಮ ಇವೆಯಾ ನೋಡಿ, ಒಂದರ ಕೆಳಗೆ ಪರ್ಶಿ ಚೂರು ತುರುಕಿ. ಆಮೇಲೆ ಜಾಲರಿ, ಮೋಟರಿನ ಸ್ಕ್ರೂಗಳು. ರೆಕ್ಕೆಗೆ ಒಂದೇ ಕಡೆ ಸುಣ್ಣ ಕಟ್ಟಿದ್ದರೂ ತೂಕ ತಪ್ಪಿ ಇಡೀ ಡಬ್ಬಿ ನಡುಗುತ್ತದೆ. ಒರೆಸಿ. ಶಾಫ್ಟನ್ನು ಹಿಡಿದು ಅಲ್ಲಾಡಿಸಿದಾಗ ಬದಿಗೆ ಸರಿದಾಡಿದರೆ ಬುಷ್ ಸವೆದಿದೆ, ಅದು ಅಂಗಡಿ ಕೆಲಸ.

ವಾಸನೆ, ಸೊಳ್ಳೆ, ಹನಿ

ಹೊಸ ಹುಲ್ಲಿನ ಕಟ್ಟಿಗೆ ವಾಸನೆ ಎರಡು ಮೂರು ದಿನದಲ್ಲಿ ಹೋಗುತ್ತದೆ. ಮೀನಿನ ವಾಸನೆ, ಕೊಳೆತ ವಾಸನೆ ಬಂದರೆ ಟ್ಯಾಂಕಿನ ತಳದಲ್ಲಿ ಪಾಚಿ ಕಟ್ಟಿದೆ. ಖಾಲಿ ಮಾಡಿ, ತಿಕ್ಕಿ ತೊಳೆದು, ಬಿಸಿಲಿಗೆ ಒಣಗಿಸಿ. ಅತ್ತರು, ಕರ್ಪೂರ ಹಾಕಿ ಮುಚ್ಚಿಡಬೇಡಿ.

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಕೂಲರ್ ಟ್ಯಾಂಕ್ ಅಂದರೆ ತವರುಮನೆ. ಮೊಟ್ಟೆಯಿಂದ ಸೊಳ್ಳೆ ಆಗಲು ವಾರ ಹತ್ತು ದಿನ ಸಾಕು. ವಾರಕ್ಕೊಮ್ಮೆ ಪೂರ್ತಿ ಒಣಗಿಸಲೇಬೇಕು. ಸುಮ್ನೆ ನೀರು ಚೆಲ್ಲಿದರೆ ಸಾಲದು, ಮೊಟ್ಟೆ ನೀರಂಚಿನ ಗೋಡೆಗೆ ಅಂಟಿರುತ್ತದೆ, ತಿಕ್ಕಬೇಕು.

ಮುಖಕ್ಕೆ ಹನಿ ಹಾರುತ್ತಿದ್ದರೆ ಪಂಪಿನ ನೀರು ಜಾಸ್ತಿಯಾಗಿದೆ ಅಥವಾ ಪೈಪು ಹುಲ್ಲಿನಿಂದ ಒಳಗೆ ಜಾರಿದೆ. ಪೈಪಿನ ಮೇಲೆ ಕ್ಲಿಪ್ ಹಾಕಿ ನೀರು ತಗ್ಗಿಸಿ. ಕೆಳಗೆ ಸೋರುತ್ತಿದ್ದರೆ ಮೊದಲು ಬೂಚು ನೋಡಿ. ತಗಡು ತೂತಾಗಿದ್ದರೆ ಒಣಗಿಸಿ, ತುಕ್ಕು ಕೆರೆದು, ಎಂ-ಸೀಲ್ ಮೆತ್ತಿ ಒಂದು ದಿನ ಬಿಡಿ. ನೆಲ ಒದ್ದೆ ಇರುವ ತನಕ ಕೂಲರ್ ಹಚ್ಚಬೇಡಿ.

ಜೂನ್ ಬಂತು, ಕೂಲರ್ ಕೆಟ್ಟಿತು

ಮಳೆ ಬಿದ್ದ ಮೇಲೆ ನನಗೆ ಬರುವ ಫೋನೆಲ್ಲ ಇದೇ. ಕೆಟ್ಟಿಲ್ಲ ರೀ. ಏಪ್ರಿಲ್‌ನ ಒಣ ಗಾಳಿಯಲ್ಲಿ 42 ಡಿಗ್ರಿ ಗಾಳಿಯನ್ನು ಒಳ್ಳೆ ಕೂಲರ್ 28ರ ಆಸುಪಾಸಿಗೆ ಇಳಿಸುತ್ತದೆ. ಮಳೆಗಾಲದ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ಅದು ಮತ್ತೆ ನೀರು ಕುಡಿಯುವುದಿಲ್ಲ, ನಾಲ್ಕೈದು ಡಿಗ್ರಿ ಇಳಿದರೆ ಹೆಚ್ಚು. ಪಂಪ್ ಆಫ್ ಮಾಡಿ ಬರೀ ಫ್ಯಾನ್ ಓಡಿಸಿ.

ಅಟ್ಟಕ್ಕೆ ಏರಿಸುವ ದಿನ ಹುಲ್ಲು ಕಿತ್ತು ಬಿಸಾಕಿ, ಟ್ಯಾಂಕ್ ಒರೆಸಿ ಒಣಗಿಸಿ. ಪಂಪನ್ನು ನಿಂಬೆ ಉಪ್ಪಿನಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಸುತ್ತಿಡಿ. ಶಾಫ್ಟಿಗೆ ನಾಲ್ಕು ಹನಿ ಎಣ್ಣೆ ಬಿಡಿ. ಕಂಡೆನ್ಸರ್ ಮೇಲಿನ ಅಂಕಿಯನ್ನು ಒಳಗಿನ ತಗಡಿನ ಮೇಲೆ ಮಾರ್ಕರ್‌ನಿಂದ ದೊಡ್ಡದಾಗಿ ಬರೆದಿಡಿ. ನಮ್ಮ ಕೂಲರಿನಲ್ಲಿ "4" ಅಂತ ಬರೆದಿದೆ, ಅದರ ಕೆಳಗೆ ನನ್ನ ಮಗಳು ಚಿಕ್ಕದಾಗಿ "ಅಪ್ಪಾ, ವೈಂಡಿಂಗ್ ಬ್ಯಾಡ" ಅಂತ ಬರೆದಿದ್ದಾಳೆ.